ವೈರಾಣು ಹೆಪಟೈಟಿಸ್: 1955ರ ದೆಹಲಿಯಿಂದ ಇಂದಿನವರೆಗೆ

ವೈರಾಣುಗಳಿಂದ ಯಕೃತ್ತಿಗೆ, ಅಂದರೆ ಪಿತ್ತಜನಕಾಂಗಕ್ಕೆ, ಉಂಟಾಗುವ ಉರಿಯೂತವೇ ವೈರಾಣು ಹೆಪಟೈಟಿಸ್. ಅದರ ಹರಡುವಿಕೆ, ತಡೆ ಮತ್ತು ಚಿಕಿತ್ಸೆಯನ್ನು ಚರ್ಚಿಸಲು ಸರೋಜಿನಿ ನಗರದಲ್ಲಿ ಸೇರಿರುವ ಈ ವಿಚಾರ ಸಂಕಿರಣಕ್ಕೆ ದೆಹಲಿಯ ಅನುಭವವೇ ತಕ್ಕ ಪೀಠಿಕೆ. ಈ ಬಡಾವಣೆಯನ್ನು ವಿನಯ ನಗರವೆಂದು ಕರೆಯುತ್ತಿದ್ದ ಕಾಲದಲ್ಲಿ, 1955ರ ಡಿಸೆಂಬರಿನಿಂದ 1956ರ ಜನವರಿಯವರೆಗೆ, ರಾಜಧಾನಿಯ ಸುಮಾರು 29,300 ಮಂದಿಗೆ ಕಾಮಾಲೆ ತಗಲಿತು. ಪ್ರವಾಹದ ತರುವಾಯ ಯಮುನೆಯ ಹರಿವು ಪಕ್ಕಕ್ಕೆ ಸರಿದು, ನಜಫ್‌ಗಢ ನಾಲೆಯ ಕೊಳಚೆ ಹಿಮ್ಮುಖವಾಗಿ ಹರಿದು, ವಜೀರಾಬಾದಿನ ಶುದ್ಧೀಕರಣ ಘಟಕಕ್ಕೆ ನೀರೆತ್ತುವ ಜಾಗವನ್ನೇ ಸೇರಿತ್ತು. ಘಟಕದಲ್ಲಿ ಪಟಿಕ, ಕ್ಲೋರಿನ್‌ಗಳ ಪ್ರಮಾಣವನ್ನು ಹೆಚ್ಚಿಸಿದ್ದರಿಂದ ಬ್ಯಾಕ್ಟೀರಿಯಾಗಳು ಸತ್ತು, ವಿಷಮಶೀತ ಜ್ವರವಾಗಲಿ ಆಮಶಂಕೆಯಾಗಲಿ ಹೆಚ್ಚಲಿಲ್ಲ. ವೈರಾಣು ಮಾತ್ರ ಉಳಿದುಕೊಂಡು ನಲ್ಲಿಗಳವರೆಗೂ ಬಂದಿತು. ಸೋಂಕು ತಗಲಿ ರೋಗ ಹೊರಬೀಳಲು ಐದಾರು ವಾರ ಹಿಡಿಯುವುದರಿಂದ, ರೋಗಿಗಳು ಆಸ್ಪತ್ರೆಗೆ ಬರುವ ಹೊತ್ತಿಗೆ ಆ ಕೆಟ್ಟ ನೀರು ಹರಿದುಹೋಗಿಯಾಗಿತ್ತು.

ಬಹುಕಾಲ ಹೆಪಟೈಟಿಸ್ ಎ ಎಂದು ನಂಬಲಾಗಿದ್ದ ಈ ರೋಗವು, ಕಾಪಿಟ್ಟಿದ್ದ ರಕ್ತಸಾರವನ್ನು 1980ರ ಸುಮಾರಿಗೆ ಪರೀಕ್ಷಿಸಿದಾಗ ಎ ಅಲ್ಲ, ಬಿ ಕೂಡ ಅಲ್ಲ ಎಂದು ತಿಳಿದುಬಂದು, ಮುಂದೆ ಹೆಪಟೈಟಿಸ್ ಇ ಎಂದು ಗುರುತಿಸಲ್ಪಟ್ಟಿತು. ಸಾಮಾನ್ಯವಾಗಿ ತಾನಾಗಿಯೇ ವಾಸಿಯಾಗುವ ಈ ಸೋಂಕು ಗರ್ಭದ ಕೊನೆಯ ಮೂರು ತಿಂಗಳಲ್ಲಿ ತಗಲಿದರೆ ನೂರರಲ್ಲಿ 20ರಿಂದ 25 ಗರ್ಭಿಣಿಯರವರೆಗೆ ಪ್ರಾಣಕ್ಕೆ ಎರವಾಗಬಹುದು. ಕುದಿಸಿದ ನೀರು ಕುಡಿಯಿರಿ ಎಂಬ ಸಲಹೆ ಸರಿಯಾದುದೇ. ಆದರೆ ಆ ಒಂದು ಮಾತಿನಿಂದ ಹೊಣೆಯನ್ನೆಲ್ಲ ಅಡುಗೆಮನೆಗೆ ದಾಟಿಸುವುದು ನ್ಯಾಯವಲ್ಲ. ನೀರು ಬಿಡದ ಹೊತ್ತಿನಲ್ಲಿ ಕೊಳವೆಯೊಳಗಿನ ಒತ್ತಡ ಕುಸಿದು, ಬಿರುಕಿನ ಮೂಲಕ ಪಕ್ಕದ ಚರಂಡಿಯ ಕೊಳಕು ಒಳಸೇರುತ್ತದೆ. ಹಳೆಯ ಸರ್ಕಾರಿ ವಸತಿಗಳನ್ನು ಕೆಡವಿ ಬಹುಮಹಡಿ ಕಟ್ಟಡಗಳನ್ನು ಎಬ್ಬಿಸುತ್ತಿರುವ ಈ ನಗರದಲ್ಲಿ ನೀರಿನ ಕೊಳವೆಯೂ ಒಳಚರಂಡಿಯೂ ಎಷ್ಟು ದೂರದಲ್ಲಿರಬೇಕು ಎಂಬುದು ಎಂಜಿನಿಯರುಗಳಷ್ಟೇ ವೈದ್ಯರೂ ಕೇಳಬೇಕಾದ ಪ್ರಶ್ನೆ.

ಬಿ ಮತ್ತು ಸಿ ವೈರಾಣುಗಳ ದಾರಿ ಬೇರೆ. ಅವು ರಕ್ತ, ಶುದ್ಧವಲ್ಲದ ಸೂಜಿಗಳ ಮೂಲಕ ಹರಡುತ್ತವೆ. ಬಿ ವೈರಾಣು ಲೈಂಗಿಕ ಸಂಪರ್ಕದಿಂದಲೂ ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೂ ದಾಟುತ್ತದೆ. ಜೊತೆಯಲ್ಲಿ ಉಂಡರೆ, ಕೈಕುಲುಕಿದರೆ ಇವು ಅಂಟುವುದಿಲ್ಲ. ಆದ್ದರಿಂದ ಸೋಂಕಿತರನ್ನು ಮನೆಯಲ್ಲಾಗಲಿ ಕಚೇರಿಯಲ್ಲಾಗಲಿ ದೂರವಿಡಲು ಕಾರಣವೇ ಇಲ್ಲ. ಕಣ್ಣು ಹಳದಿಯಾಗದೆಯೇ ಹತ್ತಾರು ವರ್ಷ ದೇಹದಲ್ಲಿದ್ದು, ಯಕೃತ್ತು ಗಂಟುಗಟ್ಟುವ ಸಿರೋಸಿಸ್‌ಗೂ ಕ್ಯಾನ್ಸರಿಗೂ ಎಡೆಮಾಡುವ ಈ ಸೋಂಕುಗಳನ್ನು ಕಾಮಾಲೆ ಕಂಡ ಮೇಲೆ ಹುಡುಕಹೊರಟರೆ ತಡವಾಗಿರುತ್ತದೆ. ಸಿ ಸೋಂಕಿಗೆ ಲಸಿಕೆಯಿಲ್ಲವಾದರೂ, ಸೋಫೋಸ್‌ಬುವಿರ್ ಮತ್ತು ಡಕ್ಲಾಟಾಸ್ವಿರ್ ಮಾತ್ರೆಗಳನ್ನು ಸಾಮಾನ್ಯವಾಗಿ 12 ವಾರ ಸೇವಿಸಿದ ನೂರರಲ್ಲಿ 90ಕ್ಕೂ ಹೆಚ್ಚು ಮಂದಿ ಪೂರ್ಣ ಗುಣವಾಗುತ್ತಾರೆ. ಬಿ ಸೋಂಕನ್ನು ಟೆನೋಫೋವಿರ್‌ನಂಥ ಔಷಧಿಗಳು ಹತೋಟಿಯಲ್ಲಿಡುತ್ತವೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಾಣು ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವು ಪರೀಕ್ಷೆಯನ್ನೂ ಚಿಕಿತ್ಸೆಯನ್ನೂ ಉಚಿತವಾಗಿ ಒದಗಿಸುತ್ತದೆ. ಹೀಗಿರುವಾಗ ಪ್ರತಿ ಗರ್ಭಿಣಿಯ ರಕ್ತಪರೀಕ್ಷೆ ಆಗುವಂತೆಯೂ, ಹುಟ್ಟಿದ 24 ಗಂಟೆಯೊಳಗೆ, ಹೆರಿಗೆ ರಜಾದಿನದಂದಾಗಲಿ ನಡುರಾತ್ರಿಯಲ್ಲಾಗಲಿ ಆದರೂ, ಮಗುವಿಗೆ ಬಿ ಲಸಿಕೆಯ ಮೊದಲ ಡೋಸ್ ಸಿಗುವಂತೆಯೂ ಮಾಡುವ ವ್ಯವಸ್ಥೆಯನ್ನು ಈ ಸಂಕಿರಣದ ಮೊದಲ ಗೋಷ್ಠಿಯೇ ಕೈಗೆತ್ತಿಕೊಳ್ಳಬೇಕೆಂಬುದು ಇಲ್ಲಿನ ಆಶಯ.