ಬಿಡದ ಕೈ

ವಿತ್ತೋರಿಯೊ ದೆ ಸೀಕಾ 1948ರಲ್ಲಿ ನಿರ್ದೇಶಿಸಿದ ಇಟಾಲಿಯನ್ ಚಿತ್ರ ‘ಬೈಸಿಕಲ್ ಥೀವ್ಸ್’ನ ಕಥೆ ಬಲು ಸರಳ. ಮಹಾಯುದ್ಧಾನಂತರದ ರೋಮ್ ನಗರದಲ್ಲಿ ಆಂತೋನಿಯೊ ಎಂಬ ನಿರುದ್ಯೋಗಿಗೆ ಭಿತ್ತಿಪತ್ರ ಅಂಟಿಸುವ ಕೆಲಸ ದೊರೆಯುತ್ತದೆ. ಅದಕ್ಕೆ ಸೈಕಲ್ಲು ಬೇಕು. ಹಾಸಿಗೆಯ ದುಪ್ಪಟಿಗಳನ್ನೇ ಅಡವಿಟ್ಟು, ಒತ್ತೆಯಲ್ಲಿದ್ದ ಸೈಕಲ್ಲನ್ನು ಬಿಡಿಸುತ್ತಾರೆ. ಕೆಲಸದ ಮೊದಲ ದಿನವೇ ಅದು ಕಳುವಾಗುತ್ತದೆ. ಎಳೆಯ ಮಗ ಬ್ರೂನೊನೊಡನೆ ಊರೆಲ್ಲ ಅಲೆದು ಹತಾಶನಾದ ತಂದೆ ಕಡೆಗೆ ತಾನೇ ಪರರ ಸೈಕಲ್ಲಿಗೆ ಕೈಹಾಕಿ ಸಿಕ್ಕಿಬೀಳುತ್ತಾನೆ.

‘ಸೈಕಲ್ ಕಳ್ಳರು’ ಎಂಬ ಬಹುವಚನದ ಮರ್ಮ ಇಲ್ಲಿ ಹೊಳೆಯುತ್ತದೆ: ಕಳ್ಳನಿಗೂ ನಮಗೂ ನಡುವೆ ನಾವು ಎಣಿಸಿದಷ್ಟು ಅಂತರವಿಲ್ಲ. ಅಳುವ ಬಾಲಕನನ್ನು ಕಂಡು ಸೈಕಲ್ಲಿನ ಒಡೆಯ ಅಪರಾಧಿಯನ್ನು ಬಿಟ್ಟುಬಿಡುತ್ತಾನೆ. ನಾಚಿಕೆಯಿಂದ ಕಣ್ಣೀರಿಡುವ ತಂದೆಯ ಕೈಯನ್ನು ಬ್ರೂನೊ ಹಿಡಿದು ನಡೆಯುತ್ತಾನೆ. ಧರ್ಮಗ್ರಂಥಗಳು ಕ್ಷಮೆಯೆಂದು ಹೊಗಳುವುದು ಪ್ರಾಯಶಃ ಇದನ್ನೇ: ತಪ್ಪನ್ನು ಕಣ್ಣಾರೆ ಕಂಡ ಮೇಲೂ ಕೈ ಬಿಡದಿರುವುದು.