ನೀರು ಹೊರುವವರು ಯಾರು?

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಾವು ಭಾಷಣಕಾರರಲ್ಲ. ಸೂರತ್ತಿನಲ್ಲಿ ಕೆಲವು ವರ್ಷ, ವಡೋದರೆಯಲ್ಲಿ ಬಹಳ ವರ್ಷ, ಕಡೆಗೆ ಈ ಅಹಮದಾಬಾದಿನಲ್ಲಿ ಜಮಾಖರ್ಚು ಬರೆದು ತಲೆ ನರೆಸಿಕೊಂಡವರು. ಕಾರ್ಯದರ್ಶಿಗಳು ಒತ್ತಾಯ ಮಾಡಿದ್ದರಿಂದ ತಮ್ಮ ಮುಂದೆ ನಿಂತಿದ್ದೇವೆ. ನಾಡುನುಡಿಯ ಹಿರಿಮೆಯನ್ನು ಹೇಳಲು ನಮಗಿಂತ ಬಲ್ಲವರು ಇಲ್ಲಿದ್ದಾರೆ. ನಾವು ಹೇಳಹೊರಟಿರುವುದು ಮಣ್ಣಿನ ವಿಷಯ. ಅದರಲ್ಲಿಯೂ ಮಣ್ಣನ್ನು ನೆಚ್ಚಿ ಬಾಳುವ ಸಂಸಾರದ ವಿಷಯ.

ಹೊಟ್ಟೆಪಾಡಿಗಾಗಿ ಗುಜರಾತಿಗೆ ಬಂದ ನಮ್ಮವರಲ್ಲಿ ಬಹು ಜನರ ಮನಸ್ಸಿನ ಮೂಲೆಯಲ್ಲಿ ಒಂದು ಬಯಕೆ ಇದ್ದೇ ಇದೆ. ನೌಕರಿ ಮುಗಿದ ಮೇಲೆ ಊರಿಗೆ ಹೋಗಬೇಕು; ಹಿರಿಯರ ಎರಡೆಕರೆ ಹೊಲದಲ್ಲಿ ಒಂದು ಮನೆ, ಎರಡು ಆಕಳು, ಬದುವಿನ ಮೇಲೆ ನುಗ್ಗೆ, ಹಿತ್ತಲಲ್ಲಿ ಬದನೆ; ವಿಷದ ಗೊಬ್ಬರವಿಲ್ಲದ ಜೋಳ; ಅಂಗಡಿಯಿಂದ ಉಪ್ಪೊಂದನ್ನು ತಂದರೆ ಸಾಕು! ಈ ಚಿತ್ರವನ್ನು ನಾವೂ ಮೂವತ್ತು ವರ್ಷ ಬರೆಯುತ್ತ ಬಂದೆವು. ಹೋದ ವರ್ಷ ಹಾವೇರಿ ಸೀಮೆಯ ನಮ್ಮ ಊರಿನಿಂದ ಅಣ್ಣನವರ ಫೋನು ಬಂತು. ಅವರಿಗೆ ಎಪ್ಪತ್ತು ದಾಟಿದೆ. ಮಗ ಬೆಂಗಳೂರು ಸೇರಿದ್ದಾನೆ. “ಹೊಲ ಮಾರೂಣು. ಗಿರಾಕಿ ಬಂದಾನ. ನೀ ಬಂದು ಸಹಿ ಮಾಡಿಹೋಗು” ಎಂದರು. ನಾವು ಆವೇಶದಿಂದ, “ಮಾರೂದು ಬ್ಯಾಡಣ್ಣ, ನಾವೇ ಬರ್ತೀವಿ” ಎಂದುಬಿಟ್ಟೆವು.

ಫೋನು ಇಟ್ಟು, ನಮ್ಮ ಮನೆಯವರ ಮುಂದೆ ಆ ಹಳೆಯ ಚಿತ್ರವನ್ನೆಲ್ಲ ಮತ್ತೊಮ್ಮೆ ಬಣ್ಣಿಸಿದೆವು. ಅವರು ಅಕ್ಕಿ ಆರಿಸುತ್ತ ಎಲ್ಲವನ್ನೂ ಕೇಳಿದರು. ಕಡೆಗೆ ತಲೆಯೆತ್ತಿ, “ಅದೆಲ್ಲಾ ಖರೆ. ನೀರು ಹೊರಾವ್ರು ಯಾರು, ಅದನ್ನ ಹೇಳ್ರಿ” ಎಂದರು. ನಮ್ಮ ಬಾಯಿ ಕಟ್ಟಿತು. ನಮ್ಮ ತಾಯಿ ಬಾವಿಯಿಂದ ಹೊತ್ತರು, ಅತ್ತಿಗೆಯವರು ಹೊತ್ತರು. ನಮ್ಮ ಚಿತ್ರದಲ್ಲಿ ನೀರು ತಾನಾಗಿಯೇ ಹಂಡೆಗೆ ಬಂದು ಬಿದ್ದಿತ್ತು. ಈ ಪ್ರಶ್ನೆಗೆ ಉತ್ತರ ಹುಡುಕಿದ ಕಥೆಯೇ ಇಂದಿನ ಭಾಷಣ.

ಉತ್ತರಕ್ಕಾಗಿ ದೂರ ಹೋಗಬೇಕಾಗಲಿಲ್ಲ. ನಾವಿರುವ ಊರಿನಲ್ಲಿಯೇ ಸಾಬರಮತಿಯ ಆಶ್ರಮವಿದೆ. ಭಾನುವಾರ ನೆಂಟರನ್ನು ಕರೆದುಕೊಂಡು ಹೋಗಿ ಹೃದಯಕುಂಜವನ್ನು ತೋರಿಸಿ, ನದಿಯ ಗಾಳಿ ತಿಂದು ಬರುವುದಷ್ಟೇ ನಮಗೆ ಗೊತ್ತಿತ್ತು. ಅದು ಮೊದಲಿಗೆ ದುಡಿದು ಉಣ್ಣುವ ಒಂದು ದೊಡ್ಡ ಸಂಸಾರವಾಗಿತ್ತು, ಆ ಸಂಸಾರದ ಬೇರು ಕಡಲಾಚೆ ದಕ್ಷಿಣ ಆಫ್ರಿಕೆಯಲ್ಲಿತ್ತು ಎಂಬುದನ್ನು ನಾವು ಯೋಚಿಸಿರಲಿಲ್ಲ. ಗಾಂಧೀಜಿಯವರ ಆತ್ಮಕಥೆಯನ್ನೂ ದಕ್ಷಿಣ ಆಫ್ರಿಕದ ಸತ್ಯಾಗ್ರಹದ ಇತಿಹಾಸವನ್ನೂ ನವಜೀವನದಿಂದ ತಂದು, ನಮ್ಮ ಹರಕುಮುರುಕು ಗುಜರಾತಿಯಲ್ಲಿ ಓದತೊಡಗಿದೆವು. ರಾತ್ರಿ ಊಟವಾದ ಮೇಲೆ ನಾವು ಓದಿ ಹೇಳುವುದು, ಮನೆಯವರು ಪ್ರಶ್ನೆ ಕೇಳುವುದು; ಹೀಗೆ ಎರಡು ತಿಂಗಳು ನಡೆಯಿತು.

1904ರಲ್ಲಿ ಗಾಂಧೀಜಿ ಜೋಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ರೈಲಿನಲ್ಲಿ ಹೋಗುತ್ತ ರಸ್ಕಿನ್ನನ ಪುಸ್ತಕವೊಂದನ್ನು ಓದಿದರು. ಕೈಯಿಂದ ದುಡಿಯುವವನ ಬಾಳೇ ಬಾಳು ಎಂದು ಮನಸ್ಸಿಗೆ ನಾಟಿತು. ಓದಿ ಪುಸ್ತಕವನ್ನು ಮುಚ್ಚಿಡುವವರು ನಾವು. ಅವರಾದರೋ ಅದೇ ವರ್ಷ ಡರ್ಬನ್ನಿಗೆ ಹದಿನಾಲ್ಕು ಮೈಲಿ ದೂರದ ಫೀನಿಕ್ಸಿನಲ್ಲಿ ಮೊದಲು 20 ಎಕರೆ, ಅದಕ್ಕೆ ಹೊಂದಿ 80 ಎಕರೆ ನೆಲವನ್ನು ಸಾವಿರ ಪೌಂಡಿಗೆ ಕೊಂಡರು. ಅಲ್ಲಿದ್ದದ್ದು ಒಂದು ಸಣ್ಣ ಒರತೆ, ಕೆಲವು ಕಿತ್ತಳೆ ಮತ್ತು ಮಾವಿನ ಗಿಡ, ಬೇಕಾದಷ್ಟು ಹಾವು. ‘ಇಂಡಿಯನ್ ಒಪೀನಿಯನ್’ ಪತ್ರಿಕೆಯ ಅಚ್ಚುಕೂಟವನ್ನು ಅಲ್ಲಿಗೆ ಸಾಗಿಸಿದರು. ನೆಲಸಿದವರಿಗೆ ತಲಾ ಮೂರು ಎಕರೆ, ತಿಂಗಳಿಗೆ ಮೂರು ಪೌಂಡು. ಮಣ್ಣಿನ ಗೋಡೆ, ಹುಲ್ಲಿನ ಮಾಡು ಬೇಕೆಂಬುದು ಆಸೆ. ಕಟ್ಟಿದ್ದು ತಗಡಿನ ಮನೆ. ಪತ್ರಿಕೆಯ ಮೊದಲ ರಾತ್ರಿಯೇ ಯಂತ್ರ ಕೆಟ್ಟು ನಿಂತಾಗ, ಮಲಗಿದ್ದ ಬಡಗಿಗಳನ್ನೂ ಎಬ್ಬಿಸಿ ಎಲ್ಲರೂ ಕೈಯಿಂದ ಚಕ್ರ ತಿರುಗಿಸಿದರು. ಅಂದಮೇಲೆ ಸ್ವಾವಲಂಬನೆಯೆಂಬುದು ಮೊದಲ ದಿನದಿಂದಲೂ ರಟ್ಟೆ ನೋಯುವ ಕೆಲಸವೇ ಆಗಿತ್ತು.

ಎರಡನೆಯದು ಟಾಲ್‌ಸ್ಟಾಯ್ ಫಾರಂ. 1910ರಲ್ಲಿ ಕಾಲೆನ್‌ಬಾಖ್ ಎಂಬ ಜರ್ಮನ್ ವಾಸ್ತುಶಿಲ್ಪಿ ಜೋಹಾನ್ಸ್‌ಬರ್ಗಿಗೆ 21 ಮೈಲಿ ದೂರದಲ್ಲಿ 1,100 ಎಕರೆ ಕೊಂಡು, ಸೆರೆಗೆ ಹೋದ ಸತ್ಯಾಗ್ರಹಿಗಳ ಹೆಂಡಿರು ಮಕ್ಕಳಿಗಾಗಿ ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟರು. ಕಿತ್ತಳೆ, ಏಪ್ರಿಕಾಟ್, ಪ್ಲಮ್ ಮೊದಲಾದ ಸುಮಾರು ಸಾವಿರ ಹಣ್ಣಿನ ಮರ. ಗುಜರಾತಿಗಳು, ತಮಿಳರು, ಆಂಧ್ರರು, ಉತ್ತರದವರು. ಹಿಂದು, ಮುಸಲ್ಮಾನ, ಪಾರ್ಸಿ, ಕ್ರೈಸ್ತರು ಎಲ್ಲರೂ ಒಂದೇ ಅಡಿಗೆಮನೆಯಲ್ಲಿ ಉಂಡರು. ಕೈಬೀಸುವ ಗಿರಣಿಯಲ್ಲಿ ಹಿಟ್ಟು, ಮನೆಯಲ್ಲೇ ಸುಟ್ಟ ರೊಟ್ಟಿ, ಹುರಿದು ಅರೆದ ಶೇಂಗಾದ ಬೆಣ್ಣೆ, ತೋಟದ ಕಿತ್ತಳೆಯ ಮುರಬ್ಬ, ಗೋದಿ ಹುರಿದು ಮಾಡಿದ ಕಾಫಿ. ಚಪ್ಪಲಿಯನ್ನೂ ತಾವೇ ಹೊಲಿದರು. ಫಾರಮ್ಮಿನ ಕೆಲಸಕ್ಕೆ ಪೇಟೆಗೆ ಹೋಗುವವರಿಗೆ ಮೂರನೆಯ ದರ್ಜೆಯ ರೈಲು. ಸ್ವಂತ ಸಂತೋಷಕ್ಕೆ ಹೋಗುವವರಿಗೆ ಬುತ್ತಿ ಕಟ್ಟಿಕೊಂಡು ಕಾಲ್ನಡಿಗೆ!

ಇಂದು ನಾವು ‘ಸಾವಯವ’ ಎಂದು ಹೊಸದಾಗಿ ಹೇಳುವುದೆಲ್ಲ ಅಲ್ಲಿ ದಿನಚರಿಯಾಗಿತ್ತು. ಕಸವನ್ನೆಲ್ಲ ತಗ್ಗಿನಲ್ಲಿ ಹೂಳುವುದು. ಎಂಜಲು, ಕಾಯಿಪಲ್ಲೆಯ ಸಿಪ್ಪೆ ಗೊಬ್ಬರಕ್ಕೆ. ಬಳಸಿದ ನೀರನ್ನು ಬಕೇಟಿನಲ್ಲಿ ಹಿಡಿದು ಮರಕ್ಕೆ. ಮಲವನ್ನೂ ಒಂದೂವರೆ ಅಡಿ ಆಳದ ಗುಂಡಿಗೆ ಹಾಕಿ ಮಣ್ಣು ಮುಚ್ಚಿ, ನಾತವಿಲ್ಲದಂತೆ ಗೊಬ್ಬರ ಮಾಡುವುದು. ಆಳುಕಾಳುಗಳನ್ನು ಇಟ್ಟುಕೊಳ್ಳಲಿಲ್ಲ. ಅಡಿಗೆಯಿಂದ ಹಿಡಿದು ಕಕ್ಕಸು ತೆಗೆಯುವವರೆಗೆ ಎಲ್ಲವೂ ಸ್ವಂತ ಕೈಯಿಂದ.

“ನೀರು?” ಎಂದರು ಮನೆಯವರು. ಅದೂ ಪುಸ್ತಕದಲ್ಲಿದೆ. ಒರತೆ ಮನೆಗಳಿಂದ ಸುಮಾರು 500 ಗಜ ದೂರ. ಅಡ್ಡೆ ಹೊತ್ತು ನೀರು ತರಬೇಕಾಗಿತ್ತು. ಹುಡುಗರೂ ಗುಂಡಿ ತೋಡುತ್ತಿದ್ದರು, ಮರ ಕಡಿಯುತ್ತಿದ್ದರು, ಭಾರ ಹೊರುತ್ತಿದ್ದರು. ಬೆಳಗಿನ ದುಡಿಮೆಯಾದ ಮೇಲೆ ಮಧ್ಯಾಹ್ನ ಪಾಠ. ಕಲಿಯುವವರಿಗೂ ತೂಕಡಿಕೆ, ಕಲಿಸುವ ಗಾಂಧೀಜಿಯವರಿಗೂ ತೂಕಡಿಕೆ, ಕಣ್ಣಿಗೆ ನೀರು ಚಿಮುಕಿಸಿಕೊಂಡು ಪಾಠ ನಡೆಯಿತಂತೆ. ಇದನ್ನು ಕೇಳಿ ಮನೆಯವರಿಗೆ ಸ್ವಲ್ಪ ಸಮಾಧಾನವಾಯಿತು. ಆದರೆ ಹೆಂಗಸರಿಗೂ ಗಂಡಸರಿಗೂ ಅಲ್ಲಿ ಬೇರೆ ಬೇರೆ ಕಟ್ಟಡವೆಂದು ಓದಿದಾಗ, “ಹಂಗಾದ್ರ ಅದು ಸಂಸಾರ ಹೆಂಗಾತ್ರಿ?” ಎಂದು ನಕ್ಕರು. ಆ ನಗೆಯಲ್ಲಿ ನ್ಯಾಯವಿದೆ. ದೊಡ್ಡ ಸಂಸಾರವನ್ನು ಕಟ್ಟಲು ಸಣ್ಣ ಸಂಸಾರಗಳು ತೆತ್ತ ಬೆಲೆ ಅದು.

ಲೆಕ್ಕಪತ್ರದವರಾದ ನಮಗೆ ಇನ್ನೊಂದು ಸಂಶಯವಿತ್ತು. ಇವರ ಖರ್ಚು ಸರಿದೂಗಿತೆ? ಇಲ್ಲ. ಫೀನಿಕ್ಸಿಗೆ ಮೊದಲೇ ಪತ್ರಿಕೆಯ ಖರ್ಚಿಗೆಂದು ಒಂದು ಕಾಲದಲ್ಲಿ ಗಾಂಧೀಜಿ ತಮ್ಮ ವಕೀಲಿಯ ಗಳಿಕೆಯಿಂದ ತಿಂಗಳಿಗೆ 75 ಪೌಂಡು ಕಳಿಸುತ್ತಿದ್ದರು. ಟಾಲ್‌ಸ್ಟಾಯ್ ಫಾರಮ್ಮಿನ ನೆಲವೇ ಗೆಳೆಯನದು. ಹೋರಾಟಕ್ಕೆ ಮುಂಬಯಿಯಿಂದ ಜಮ್‌ಶೆಟ್‌ಜಿಯವರ ಮಗ ರತನ್ ಟಾಟಾ 25,000 ರೂಪಾಯಿ ಕಳಿಸಿದ್ದರು. ಇದನ್ನು ನಾವು ಹೀಯಾಳಿಸಿ ಹೇಳುತ್ತಿಲ್ಲ. ಎರಡೆಕರೆಯಲ್ಲಿ ಯಾರ ಹಂಗೂ ಇಲ್ಲದೆ ಬಾಳುತ್ತೇವೆಂದು ಬೀಗುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಬೇರೆಯವರ ನೆರವು ಬೇಡವೆನ್ನುವುದು ಸ್ವಾವಲಂಬನೆಯಲ್ಲ. ನಮ್ಮ ಪಾಲಿನ ಕೆಲಸವನ್ನು ಬೇರೆಯವರ ತಲೆಯ ಮೇಲೆ ಹೊರಿಸದಿರುವುದು ಸ್ವಾವಲಂಬನೆ.

ಫೀನಿಕ್ಸಿನ ಕೆಲವು ಮನೆಯವರು ಮಗನ್‌ಲಾಲ್ ಗಾಂಧಿಯವರೊಡನೆ ಭಾರತಕ್ಕೆ ಬಂದು, ಶಾಂತಿನಿಕೇತನದಲ್ಲಿ ತಂಗಿ, 1915ರ ಮೇ 25ರಂದು ಇದೇ ಅಹಮದಾಬಾದಿನ ಕೋಚರಬಿನಲ್ಲಿ ಆಶ್ರಮ ಹೂಡಿದರು. ಸೇರಿದವರು ಇಪ್ಪತ್ತೈದು ಮಂದಿ. ಕೆಲವು ತಿಂಗಳಲ್ಲಿಯೇ ದೂದಾಭಾಯಿ, ದಾನೀಬೆನ್, ಹಸುಗೂಸು ಲಕ್ಷ್ಮಿ ಎಂಬ ಅಂತ್ಯಜ ಕುಟುಂಬವು ಬಂದು ಸೇರಿತು. ಮೊದಲ ತೊಡಕು ಎಲ್ಲಿ ಬಂದಿತೆಂದರೆ, ಬಾವಿಯಲ್ಲಿ! ಕಪಿಲೆ ಹೊಡೆಯುವವನು, ನಿಮ್ಮ ಬಕೇಟಿನ ಹನಿ ಸಿಡಿದು ಮೈಲಿಗೆಯಾಗುತ್ತದೆ ಎಂದು ಬೈಯತೊಡಗಿದ. ಬೈಗಳನ್ನು ನುಂಗಿ ನೀರು ಸೇದುತ್ತಲೇ ಇರಿ ಎಂದರು ಗಾಂಧೀಜಿ. ಕಡೆಗೆ ಅವನೇ ನಾಚಿದ. ಊರಿನ ಧನಸಹಾಯ ನಿಂತಿತು. ಸೇಠರೊಬ್ಬರು ಬಂದು 13,000 ರೂಪಾಯಿ ಕೈಯಲ್ಲಿಟ್ಟು ಹೋಗದಿದ್ದರೆ ಆಶ್ರಮವು ಹರಿಜನರ ಕೇರಿಗೇ ಹೋಗುತ್ತಿತ್ತು. ಒಳಗಿನ ಹೆಂಗಸರಿಗೂ, ಕಸ್ತೂರಬಾ ಅವರಿಗೂ, ಮೊದಮೊದಲು ಇದು ಹಿಡಿಸಲಿಲ್ಲವೆಂದು ಗಾಂಧೀಜಿಯೇ ಬರೆದಿದ್ದಾರೆ. ನೀರು ಹೊರುವವರು ಯಾರು ಎಂಬ ಪ್ರಶ್ನೆಯ ಹಿಂದೆ, ಯಾರ ಕೊಡದ ನೀರನ್ನು ನಾವು ಕುಡಿಯುತ್ತೇವೆ ಎಂಬ ಪ್ರಶ್ನೆಯೂ ಇತ್ತು. ನಮ್ಮ ಹಳ್ಳಿಗಳ ಬಾವಿಕಟ್ಟೆಯನ್ನು ನೆನೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1917ರಲ್ಲಿ ಆಶ್ರಮವು ಸಾಬರಮತಿಯ ದಂಡೆಗೆ ಬಂದಿತು. ಅಲ್ಲಿ ಬೇಸಾಯ, ಗೋಸೇವೆ, ನೂಲು, ನೇಯ್ಗೆ. 1930ರ ಮಾರ್ಚ್ 12ರಂದು ಅಲ್ಲಿಂದ ದಂಡಿಗೆ ಹೊರಟ ತಂಡದಲ್ಲಿ ನಮ್ಮ ಮೋಟೆಬೆನ್ನೂರಿನ ಹದಿನೆಂಟರ ತರುಣ, ಮೈಲಾರ ಮಹಾದೇವಪ್ಪನವರಿದ್ದರು. ಮುಂದೆ ಅವರೂ ಪತ್ನಿ ಸಿದ್ದಮ್ಮನವರೂ ಹಾವೇರಿಯ ಹತ್ತಿರ ಕೊರಡೂರಿನಲ್ಲಿ ಸೇವಾಶ್ರಮ ಕಟ್ಟಿದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಮಹಾದೇವಪ್ಪನವರು ಗುಂಡಿಗೆ ಎದೆಯೊಡ್ಡಿದರು. ನಟಾಲಿನಲ್ಲಿ ಬಿತ್ತಿದ ಬೀಜ ಸಾಬರಮತಿಯಲ್ಲಿ ಸಸಿಯಾಗಿ ವರದಾ ನದಿಯ ಸೀಮೆಯಲ್ಲಿಯೂ ನೆಟ್ಟಿತು. ಅದು ನಮ್ಮ ಹೊಲದಿಂದ ಕೂಗಳತೆಯ ದೂರವೆಂದು ತಿಳಿದಾಗ ನಮಗೆ ಮೈ ನವಿರೆದ್ದಿತು.

ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು: ನೀರನ್ನು ಎಲ್ಲರೂ ಹೊರಬೇಕು. ಉಳಿದರ್ಧವನ್ನು ಸೂರತ್ತಿನ ಮಿತ್ರರೊಬ್ಬರು ತಿಳಿಸಿಕೊಟ್ಟರು. ಸೂರತ್ತಿನಿಂದ ದಕ್ಷಿಣಕ್ಕೆ, ವಲಸಾಡ ಜಿಲ್ಲೆಯ ಉಮರಗಾಂವದ ಹತ್ತಿರ ದೇಹರಿ ಎಂಬ ಹಳ್ಳಿ. ಅಲ್ಲಿ ಭಾಸ್ಕರ್ ಸಾವೆ ಎಂಬ ಶಾಲಾಮಾಸ್ತರರು ಮೊದಲು ರಾಸಾಯನಿಕ ಗೊಬ್ಬರದ ಬೇಸಾಯದಲ್ಲಿ ಹೆಸರು ಮಾಡಿ, ಖರ್ಚು ಏರುತ್ತ ನೆಲ ಸೊರಗುವುದನ್ನು ಕಂಡು ಅದನ್ನು ಕೈಬಿಟ್ಟರು. ‘ಕಲ್ಪವೃಕ್ಷ’ ಎಂಬ 14 ಎಕರೆಯ ತೋಟದಲ್ಲಿ ತೆಂಗು, ಚಿಕ್ಕು, ಭತ್ತ, ಬೇಳೆ, ಕಾಯಿಪಲ್ಲೆ ಬೆಳೆದರು. ಗಿಡದ ಬುಡಕ್ಕೆ ನೀರು ಹಾಯಿಸದೆ, ದೂರದಲ್ಲಿ ಕಾಲುವೆ ತೋಡಿ ಅದರಲ್ಲಿ ನೀರು ಬಿಟ್ಟರು. ಬೇರು ತಾನೇ ನೀರನ್ನು ಹುಡುಕಿಕೊಂಡು ಹೋಗುತ್ತದೆ. ಉದುರಿದ ಎಲೆಯನ್ನು ಗುಡಿಸದೆ ನೆಲಕ್ಕೆ ಹೊದಿಕೆಯಾಗಿ ಬಿಟ್ಟರು. ಎರೆಹುಳು ಉಳುಮೆ ಮಾಡಿತು. ಹೀಗಾಗಿ ಸುತ್ತಲ ತೋಟಗಳಿಗಿಂತ ತೀರ ಕಡಮೆ ನೀರು ಸಾಕಾಯಿತು. ಜಪಾನಿನ ಫುಕುವೋಕಾ ಅವರೇ ಬಂದು ನೋಡಿ ಕೊಂಡಾಡಿದರು. ಸಾವೆಯವರು 2015ರಲ್ಲಿ, 93ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ತೋಟ ಕಲಿಸುವ ಪಾಠವನ್ನು ನಾವು ಹೀಗೆ ತಿಳಿದುಕೊಂಡಿದ್ದೇವೆ: ನೀರು ಹೊರುವ ಮುಂಚೆ, ಹೊರಬೇಕಾದ ನೀರನ್ನು ಕಡಮೆ ಮಾಡಬೇಕು.

ಇಷ್ಟು ಓದಿ ಕೇಳಿ ಸುಮ್ಮನೆ ಕೂಡಲಾರದೆ, ಕಳೆದ ಬೇಸಿಗೆಯಲ್ಲಿ ಇಬ್ಬರೂ ಊರಿಗೆ ಹೋಗಿ ಒಂದು ತಿಂಗಳಿದ್ದೆವು. ನೀರು ನಮ್ಮ ಪಾಲಿನ ಕೆಲಸವೆಂದು ಕರಾರಾಯಿತು. ಅರವತ್ತೈದರ ಗಂಡಸು ಬೋರಿಂಗಿನಿಂದ ಕೊಡ ಹೊತ್ತು ಬರುವುದನ್ನು ನೋಡಲು ಓಣಿಯ ಹೆಂಗಸರೆಲ್ಲ ಕಟ್ಟೆಗೆ ಬಂದರು. ಅತ್ತಿಗೆಯವರಂತೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಒಂಬತ್ತನೆಯ ದಿನ ಸೊಂಟ ಹಿಡಿಯಿತು. ಆ ಒಂಬತ್ತು ದಿನದಲ್ಲಿ ಮಾತ್ರ ನಮ್ಮ ಮನೆಯಲ್ಲಿ ಒಂದು ತಂಬಿಗೆ ನೀರೂ ವ್ಯರ್ಥವಾಗಿ ಚೆಲ್ಲಲಿಲ್ಲ. ಮೋರೆ ತೊಳೆದ ನೀರು ಕರಿಬೇವಿಗೆ, ಅಕ್ಕಿ ತೊಳೆದದ್ದು ಆಕಳಿಗೆ. ಹೊರುವವನಿಗೆ ತಾನೇ ನೀರಿನ ತೂಕ ಗೊತ್ತು!

ಮಲಗಿದಲ್ಲಿಯೇ ಅಣ್ಣನವರೊಡನೆ ಮಾತಾಯಿತು. ಅವರು ಮಾರಹೊರಟದ್ದು ಹಣದಾಸೆಗಲ್ಲ. ಒಬ್ಬರೇ ಹೊತ್ತು ಸಾಕಾಗಿತ್ತು. ನಾವು ಮೂವತ್ತು ವರ್ಷ ಇಲ್ಲಿ ಕುಳಿತು ಊರಿನ ಮೇಲಿನ ಪ್ರೀತಿಯನ್ನಷ್ಟೇ ಹೊತ್ತಿದ್ದೆವು. ಹೊಲವನ್ನು ಹೊತ್ತವರು ಅವರು. ಇದನ್ನು ಒಪ್ಪಿಕೊಂಡಾಗ ನಮ್ಮ ಕಣ್ಣು ತುಂಬಿತು. ಕಡೆಗೆ ತೀರ್ಮಾನವಿದು: ಹೊಲ ಮಾರುವುದಿಲ್ಲ. ಇಳಿಜಾರಿನ ಮೂಲೆಯಲ್ಲಿ ಕೃಷಿಹೊಂಡ, ಸುತ್ತ ಬದು, ಬದುವಿಗೆ ನುಗ್ಗೆ ಮತ್ತು ಬೇವು. ಅದರ ಖರ್ಚು ನಮ್ಮದು. ಅರ್ಧ ಎಕರೆ ಮಾತ್ರ ಗೊಬ್ಬರದಂಗಡಿಯ ಸಾಲವಿಲ್ಲದೆ ಮನೆಯ ಊಟಕ್ಕೆ. ಉಳಿದದ್ದು ಅಣ್ಣನವರ ಇಷ್ಟದಂತೆ. ವರ್ಷಕ್ಕೆ ನಾಲ್ಕು ತಿಂಗಳು, ಮಳೆಗಾಲದಲ್ಲಿ, ನಾವಿಬ್ಬರೂ ಅಲ್ಲಿರತಕ್ಕದ್ದು. ಮನೆಯವರು ಒಂದು ಷರತ್ತು ಸೇರಿಸಿದರು: “ಬರೇ ನೀರಲ್ರಿ, ರೊಟ್ಟಿ ತಟ್ಟೂದೂ ಕಲೀಬೇಕು.” ಕಲಿಯುತ್ತಿದ್ದೇವೆ. ರೊಟ್ಟಿ ಇನ್ನೂ ದುಂಡಗಾಗಿಲ್ಲ.

ಬಂಧುಗಳೆ, ತಮ್ಮಲ್ಲಿ ಕೆಲವರ ಮನೆಗೂ ಸಹಿಗಾಗಿ ಇಂಥ ಕಾಗದ ಬಂದಿರಬಹುದು. ಮಾರಿ ಎನ್ನಲು ಅಥವಾ ಮಾರಬೇಡಿ ಎನ್ನಲು ನಾವು ಯಾರು? ಸಹಿ ಮಾಡುವ ಮುನ್ನ, ಅಥವಾ ಮಾಡುವುದಿಲ್ಲವೆಂದು ಹಟ ಹಿಡಿಯುವ ಮುನ್ನ, ಮನೆಯಲ್ಲಿ ಎಲ್ಲರೂ ಕುಳಿತು ಆ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಿ. ಪ್ರತಿ ನವೆಂಬರಿನಲ್ಲಿ ನಾವು ಕನ್ನಡ ನಾಡಿನ ಹೆಸರಿನಲ್ಲಿ ದೀಪ ಹಚ್ಚುತ್ತೇವೆ. ನಾಡೆಂದರೆ ಯಾರೋ ಕಾದುಕೊಂಡು ಬಂದ ಹೊಲ, ಯಾರೋ ಹೊತ್ತು ತಂದ ನೀರು. ಅದರಲ್ಲಿ ಒಂದು ಕೊಡವನ್ನಾದರೂ ನಾವು ಹೊರೋಣ.