ಬೆಟ್ಟ ಹಿಡಿಯುವ ರಟ್ಟಿನ ಡಬ್ಬಿ

ಚಿಕ್ಕಬಳ್ಳಾಪುರದ ಬಯಲಿನಿಂದ ಸ್ಕಂದಗಿರಿ ಸುಮಾರು 500 ಮೀಟರ್ ಎತ್ತರಕ್ಕೆ ಎದ್ದು ನಿಂತಿದೆ. ಸುತ್ತಲ ಊರವರಿಗೆ ಅದು ಕಳವಾರ ಬೆಟ್ಟ. 5 ಕಿಲೋಮೀಟರ್ ದೂರದಿಂದ ಮೊಬೈಲಿನಲ್ಲಿ ಅದರ ಫೋಟೊ ತೆಗೆದಿರಿ ಎನ್ನಿ. ಮೊಬೈಲಿನ ಒಳಗೆ ಬೀಳುವ ಬೆಟ್ಟದ ಬಿಂಬ ಎಷ್ಟೆತ್ತರ ಗೊತ್ತೇ? ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್! ನಾವು ನೋಡುವುದು ಅದನ್ನೇ ಹಿಗ್ಗಿಸಿದ ಚಿತ್ರ. ಅದೇ ಬೆಟ್ಟವನ್ನು 2 ಸೆಂಟಿಮೀಟರ್ ಎತ್ತರಕ್ಕೆ ಬೀಳಿಸುವ ಕ್ಯಾಮೆರಾವನ್ನು ಮನೆಯಲ್ಲೇ ಮಾಡಬಹುದು. ರಟ್ಟು, ಗೋಂದು, ಒಂದು ಭೂತಗನ್ನಡಿ ಇದ್ದರಾಯಿತು.

ಕಿಟಕಿಯ ಎದುರು ಗೋಡೆಯ ಹತ್ತಿರ ಭೂತಗನ್ನಡಿ ಹಿಡಿದು ಹಿಂದೆ ಮುಂದೆ ಸರಿಸಿ. ಒಂದು ಕಡೆ ಹೊರಗಿನ ತೆಂಗಿನಮರ ಗೋಡೆಯ ಮೇಲೆ ತಲೆಕೆಳಗಾಗಿ, ಗರಿಗರಿಯೂ ಎಣಿಸುವಷ್ಟು ಸ್ಪಷ್ಟವಾಗಿ ಮೂಡುತ್ತದೆ. ಆಗ ಗಾಜಿಗೂ ಗೋಡೆಗೂ ಇರುವ ಅಂತರ ಅಳೆಯಿರಿ. ಅದೇ ಸಂಗಮದೂರ. 20 ಸೆಂ.ಮೀ. ಬಂತು ಎನ್ನೋಣ. ಡಬ್ಬಿಯ ಲೆಕ್ಕವೆಲ್ಲ ಈ ಒಂದು ಸಂಖ್ಯೆಯಿಂದಲೇ ಹೊರಡುತ್ತದೆ. ಸಂಗಮದೂರ 40 ಆದರೆ ಬೆಟ್ಟದ ಬಿಂಬ 4 ಸೆಂ.ಮೀ. ಆಗುತ್ತದೆ, ಡಬ್ಬಿಯೂ ಎರಡರಷ್ಟು ಉದ್ದ ಬೇಕಾಗುತ್ತದೆ.

ಬಿಂಬ ತಲೆಕೆಳಗಾಗುವುದೇಕೆ? ಬೆಳಕು ನೇರ ಗೆರೆಯಲ್ಲಿ ಸಾಗುತ್ತದೆ. ಮೇಲಿನಿಂದ ಬಂದದ್ದು ಮಸೂರದ, ಅಂದರೆ ಭೂತಗನ್ನಡಿಯ ಗಾಜಿನ, ನಡುವನ್ನು ದಾಟಿ ಕೆಳಕ್ಕೆ ಹೋಗುತ್ತದೆ, ಕೆಳಗಿನದು ಮೇಲಕ್ಕೆ. ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿ ಒಂಬತ್ತು ಅಂತಸ್ತಿನ ಗೋಪುರ ಕತ್ತಲೆ ಕೋಣೆಯ ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅಲ್ಲಿ ಮಸೂರವೂ ಇಲ್ಲ, ಬರೀ ಕಿಂಡಿ. ಅಷ್ಟು ದೊಡ್ಡ ಕ್ಯಾಮೆರಾ ನಮ್ಮಿಂದ ಆಗದು ಬಿಡಿ.

ನಮ್ಮದಕ್ಕೆ 18 ಸೆಂ.ಮೀ. ಉದ್ದದ ಎರಡು ಡಬ್ಬಿಗಳು ಸಾಕು. ಬೆಂಕಿಪೊಟ್ಟಣದ ಹಾಗೆ ಒಂದು ಇನ್ನೊಂದರೊಳಗೆ ಜಾರಬೇಕು. ಹೊರಡಬ್ಬಿಯ ಮುಂದೆ ಭೂತಗನ್ನಡಿ. ಒಳಡಬ್ಬಿಯ ಮುಂಬದಿ ಖಾಲಿ, ಹಿಂಬದಿಗೆ ಪರದೆ: ಕೊಬ್ಬರಿ ಎಣ್ಣೆ ಸವರಿದ ಬಿಳಿ ಹಾಳೆ, 10 ಸೆಂ.ಮೀ. ಎತ್ತರ, 12.5 ಸೆಂ.ಮೀ. ಅಗಲ. ಜಾರಿಸುವುದೇಕೆಂದರೆ, ಬೆಟ್ಟಕ್ಕೆ ಪರದೆ 20 ಸೆಂ.ಮೀ. ದೂರದಲ್ಲಿದ್ದರೆ ಸರಿ, 1 ಮೀಟರ್ ದೂರದಲ್ಲಿ ಕೂತ ತಂಗಿಯ ಮುಖಕ್ಕೆ ಅದನ್ನು 25ಕ್ಕೆ ಎಳೆಯಬೇಕು. ಒಳಗೆಲ್ಲ ಹೊಳಪಿಲ್ಲದ ಕಪ್ಪು ಕಾಗದ ಅಂಟಿಸಿ. ಆಮೇಲೆ ಬಿಸಿಲಿಗೆ ಬನ್ನಿ. ಮಸೂರಕ್ಕೆ ರಟ್ಟು ಮುಚ್ಚಿ, ಪರದೆಯ ಕಡೆಯಿಂದ ತಲೆಯ ಮೇಲೆ ಕರಿಕಂಬಳಿ ಹೊದ್ದು ಡಬ್ಬಿಯೊಳಗೆ ನೋಡಿ. ಮೂಲೆಯಲ್ಲಿ ಕೂದಲೆಳೆಯಷ್ಟು ಬೆಳಕು ಕಂಡರೂ ಅಲ್ಲಿ ಟೇಪು ಹಚ್ಚಬೇಕು.

ಇನ್ನೊಂದು ಉಪಾಯ. ಭೂತಗನ್ನಡಿ 5 ಸೆಂ.ಮೀ. ಅಗಲವಿದ್ದರೆ ಚಿತ್ರದ ಅಂಚುಗಳು ಮಸುಕಾಗುತ್ತವೆ. ಮಸೂರದ ಮುಂದೆ 1 ಸೆಂ.ಮೀ. ತೂತಿನ ಕರಿರಟ್ಟು ಇಡಿ. ಬೆಳಕು ಇಪ್ಪತ್ತೈದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಆದರೆ ಬೆಟ್ಟದ ಅಂಚು ಚೂಪಾಗುತ್ತದೆ.

ಚಿತ್ರ ಉಳಿಸಿಕೊಳ್ಳಬೇಕೆ? ಕಂಬಳಿಯೊಳಗೆ ಕೂತು ಪರದೆಯ ಮೇಲೆ ಪೆನ್ಸಿಲ್ ಓಡಿಸಬಹುದು. ಅಥವಾ ಕಪ್ಪುಬಿಳುಪು ಫೋಟೊ ಕಾಗದವನ್ನು ಪರದೆಯ ಜಾಗದಲ್ಲಿಟ್ಟು, ಹಿಂಬದಿಯನ್ನು ಕರಿರಟ್ಟಿನಿಂದ ಮುಚ್ಚಿ ಫೋಟೊ ತೆಗೆಯಬಹುದು. ಅದನ್ನು ಕೆಂಪು ದೀಪದ ಕೋಣೆಯಲ್ಲಿ, ರಾಸಾಯನಿಕದಲ್ಲಿ ತೊಳೆಯಲು ದೊಡ್ಡವರು ಜೊತೆಗಿರಲೇಬೇಕು. ಹೀಗೆ ಸಿಗುವುದು ನೆಗೆಟಿವ್: ಬೆಳಕು ಕಪ್ಪಾಗಿ, ನೆರಳು ಬಿಳಿಯಾಗಿ ಮೂಡಿರುತ್ತದೆ. ಕಾಗದದ ನೆಗೆಟಿವ್ ಹೊಸದೇನಲ್ಲ. 1854ರಲ್ಲಿ ಲಿನಿಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿ ಹಳೇಬೀಡು, ಬೇಲೂರಿನ ಗುಡಿಗಳನ್ನು ಹೀಗೆ ಕಾಗದದ ಮೇಲೆಯೇ ಹಿಡಿದಿದ್ದ. ಒಂದು ತೊಡಕು: ನಮ್ಮ ಫೋಟೊ ಕಾಗದಕ್ಕೆ ನೀಲಿ ಬೆಳಕೇ ಮುಖ್ಯ, ಕೆಂಪು ಕಾಣುವುದೇ ಇಲ್ಲ. ನೀಲಿ ಆಕಾಶವೂ ಬಿಳಿ ಮೋಡವೂ ನೆಗೆಟಿವ್‌ನಲ್ಲಿ ಒಂದೇ ಕಪ್ಪಾಗಿ ಬೆರೆತುಹೋಗುತ್ತವೆ. ಹಾಗಾಗಿ ಸ್ಕಂದಗಿರಿಯ ಹೆಸರಾಂತ ಮುಂಜಾನೆಯ ಮೋಡಗಳಿಗೆ ಈ ಡಬ್ಬಿ ತಕ್ಕುದಲ್ಲ. ಬಿಸಿಲೇರಿದ ಮೇಲೆ ಬಂಡೆಯ ನೆರಳು ಚೆನ್ನಾಗಿ ಬಿದ್ದಾಗ ತೆಗೆಯಿರಿ.

ಮರೆಯಬೇಡಿ: ಭೂತಗನ್ನಡಿಯಿಂದ ಸೂರ್ಯನನ್ನು ನೋಡಬಾರದು. ಕ್ಯಾಮೆರಾವನ್ನು ತಾರಸಿಯ ಬಿಸಿಲಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ, ರಟ್ಟಿಗೆ ಬೆಂಕಿ ಹತ್ತೀತು.